ಬಿಟ್ಟಿಯ ಸರಕಿಗೆ ಅಂಗಡಿ ಬೇಕೆ?

ಊರೆಂದ ಮೇಲೆ ಅಲ್ಲಿ ಎಲ್ಲವನ್ನೂ ಬಲ್ಲವನೊಬ್ಬನಿರುವುದು ಲೋಕರೂಢಿ. ನಾವು ಹುಡುಗರಾಗಿದ್ದಾಗ ಬಾಗಲಕೋಟೆಯ ಕಡೆಯ ನಮ್ಮ ಹಳ್ಳಿಗೆ ಅಂಥವನೆಂದರೆ ರೇಡಿಯೋ ರಿಪೇರಿಯವನು. ಯಾವ ರೇಡಿಯೋ ಕೊಳ್ಳಬೇಕು, ಅದಕ್ಕೆ ಯಾವ ಬ್ಯಾಟರಿ ಹಾಕಬೇಕು, ಏರಿಯಲ್ ತಂತಿಯನ್ನು ಮಾಳಿಗೆಯ ಮೇಲೆ ಯಾವ ದಿಕ್ಕಿಗೆ ಕಟ್ಟಬೇಕು, ಎಲ್ಲಕ್ಕೂ ಅವನ ಮಾತೇ ಪ್ರಮಾಣ. ಪತ್ರಿಕೆಯ ಜಾಹೀರಾತಾಗಲಿ, ಧಾರವಾಡದಿಂದ ಬಂದ ನೆಂಟರ ಉಪದೇಶವಾಗಲಿ ಅವನೆದುರು ನಿಲ್ಲುತ್ತಿರಲಿಲ್ಲ. "ಅದು ಬ್ಯಾಡ್ರೀ, ಅದರ ಸಾಮಾನು ಸಿಗೂದಿಲ್ಲ" ಎಂದು ಅವನೊಮ್ಮೆ ತಲೆಯಾಡಿಸಿದನೆಂದರೆ ಆ ಕಂಪನಿಯ ರೇಡಿಯೋ ನಮ್ಮೂರಿನ ಮಟ್ಟಿಗೆ ಸತ್ತಂತೆಯೇ.

ಆ ಗಾದಿಯ ಮೇಲೆ ಈಗ ಕಂಪ್ಯೂಟರು ಅಂಗಡಿಯವನು ಕುಳಿತಿದ್ದಾನೆ. ಇದು ನಮಗೆ ಹೊಳೆದದ್ದು ಭೋರಿನಲ್ಲಿ. ಪುಣೆಯಲ್ಲಿರುವ ವಾಚಕರಲ್ಲಿ ಅನೇಕರು ನಮ್ಮೂರನ್ನು ಮಳೆಗಾಲದ ವಿಹಾರಕ್ಕಾಗಿಯಾದರೂ ನೋಡಿರಬಹುದು. ಸಾತಾರೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಬಂದು, ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದರೆ, ಪುಣೆಯಿಂದ ಸುಮಾರು 50 ಕಿಲೋಮೀಟರಿನಲ್ಲಿ ನೀರಾ ನದಿಯ ದಂಡೆಯ ಮೇಲೆ ಈ ಊರು. 1948ರ ವರೆಗೆ ಇದು ಪಂತ ಸಚಿವರ ಸಂಸ್ಥಾನ. ಶಿವಾಜಿ ಮಹಾರಾಜರ ಅಷ್ಟಪ್ರಧಾನರ ಪದ್ಧತಿಯಲ್ಲಿ ಸಚಿವನ ಕೆಲಸವೆಂದರೆ ರಾಜ್ಯದ ಕಾಗದಪತ್ರಗಳ ಮೇಲ್ವಿಚಾರಣೆ. ಆ ಕಾಲದ ದಫ್ತರವೆಲ್ಲ ಮೋಡಿ ಲಿಪಿಯಲ್ಲಿ. ಈಗ ಅದನ್ನು ಓದಿಸಬೇಕಾದರೆ ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

ಬ್ಯಾಂಕಿನ ನೌಕರಿಯ ನಿಮಿತ್ತ ಬಂದ ನಾವು ನಿವೃತ್ತಿಯ ಅನಂತರವೂ ಇಲ್ಲಿಯೇ ಉಳಿದುಬಿಟ್ಟೆವು. ಕನ್ನಡದ ಮನೆಗಳು ಬೆರಳಿನಲ್ಲಿ ಎಣಿಸುವಷ್ಟು. ಕಂಪ್ಯೂಟರು ಅಂಗಡಿಗಳು ಮಾತ್ರ ಅದಕ್ಕಿಂತ ಕೆಲವು ಹೆಚ್ಚು. ಅಂಗಡಿಯೆಂದರೆ ಅಲ್ಲಿ ಕಂಪ್ಯೂಟರುಗಳನ್ನು ಸಾಲಾಗಿ ಮಾರಲು ಇಟ್ಟಿರುತ್ತಾರೆಂದು ತಿಳಿಯಬಾರದು. ಒಂದು ಝೆರಾಕ್ಸ್ ಯಂತ್ರ, ಒಂದು ಮುದ್ರಕ, ಗೋಡೆಗೆ ನೇತುಹಾಕಿದ ವೈರುಗಳು, ಹೊಟ್ಟೆ ಬಗೆದು ಮಲಗಿಸಿದ ಎರಡು ಲ್ಯಾಪ್‌ಟಾಪುಗಳು. ರೈತರು 'ಸಾತ್-ಬಾರಾ' ಉತಾರೆ ತೆಗೆಸಲು ಬರುತ್ತಾರೆ, ಹುಡುಗರು ನೌಕರಿಯ ಅರ್ಜಿ ತುಂಬಿಸಲು ಬರುತ್ತಾರೆ, ಮೊಬೈಲಿನ ಗಾಜು ಒಡೆದವರು ಬರುತ್ತಾರೆ. ಇವೆಲ್ಲದರ ನಡುವೆ "ಫಾರ್ಮ್ಯಾಟ್ ಮಾರೂನ್ ದೇ" ಎಂದು ಕಂಪ್ಯೂಟರನ್ನು ಕಂಕುಳಲ್ಲಿ ಹೊತ್ತು ತರುವವರೂ ದಿನಕ್ಕೆ ಒಬ್ಬರಿಬ್ಬರು ಇದ್ದೇ ಇರುತ್ತಾರೆ. ಹಾಗೆ ಬಂದವರು ತಮಗೆ ಯಾವ ಕಾರ್ಯವ್ಯವಸ್ಥೆ ಬೇಕೆಂದು ಹೇಳುವುದಿಲ್ಲ. ಅಂಥದೊಂದು ಇದೆಯೆಂಬುದೇ ಅವರಿಗೆ ತಿಳಿಯದು. ಅಂಗಡಿಯವನು ಹಾಕಿದ್ದೇ ಅವರ ಕಂಪ್ಯೂಟರು.

ಕಾರ್ಯವ್ಯವಸ್ಥೆಯೆಂದರೇನು ಎಂದು ನಮ್ಮ ಮನೆಯವಳೂ ಕೇಳಿದಳು. ನಾವು ಭೋರಿನ ಭಾಷೆಯಲ್ಲಿಯೇ ಹೇಳಿದೆವು: ಕಂಪ್ಯೂಟರು ಒಂದು ಸಂಸ್ಥಾನವಾದರೆ ಇದು ಅದರ ಕಾರಭಾರಿ. ಯಾರಿಗೆ ಎಷ್ಟು ಜಾಗ, ಯಾವ ಕೆಲಸ ಮೊದಲು, ಯಾರನ್ನು ಬಾಗಿಲಿನೊಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದೆಲ್ಲ ಅದರ ಕೈಯಲ್ಲಿ. ಕಾರಭಾರಿ ಕೆಟ್ಟವನಾದರೆ ರಾಜನು ಎಷ್ಟು ಒಳ್ಳೆಯವನಾದರೂ ಫಲವಿಲ್ಲ.

"ಹಂಗಾರ ನಮ್ಮ ಕಾರಭಾರಿಗೆ ಏನಾಗ್ಯದ್ರೀ ಈಗ?" ಎಂದಳು.

ಆದದ್ದು ಇಷ್ಟು. ನಮ್ಮ ಲ್ಯಾಪ್‌ಟಾಪು ವಿಂಡೋಸ್ 10ರ ಮೇಲೆ ನಡೆಯುತ್ತಿತ್ತು. ಅದು 2015ರ ಜುಲೈ ತಿಂಗಳಲ್ಲಿ ಹೊರಬಂದದ್ದು. ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಿಂದ ಅದರ ಪೋಷಣೆಯನ್ನು ನಿಲ್ಲಿಸಿತು. ಹೆಸರು ನೋಂದಾಯಿಸಿದವರಿಗೆ ಮಾತ್ರ 2026ರ ಅಕ್ಟೋಬರಿನ ತನಕ ಒಂದು ವರ್ಷದ ವಾಯಿದೆ. ಮುಂದಿನದಾದ ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ರಕ್ಷಣೆಯ ಏರ್ಪಾಟು ಯಂತ್ರದಲ್ಲಿರಬೇಕು, ಇಂಟೆಲ್ ಚಿಪ್ಪಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದರ ಮುಂದಿನದೋ ಆಗಿರಬೇಕು. ನಮ್ಮದು ನಾಲ್ಕನೆಯ ಪೀಳಿಗೆ. ಯಂತ್ರ ಗಟ್ಟಿಮುಟ್ಟಾಗಿದೆ, ಕೀಲಿಗಳು ಸವೆದಿಲ್ಲ, ಪರದೆಗೆ ಒಂದು ಗೀರೂ ಇಲ್ಲ. ಆದರೂ ವಯಸ್ಸಾಯಿತೆಂದು ನಿವೃತ್ತಿ! ನಿವೃತ್ತರಾದ ನಮಗೆ ಅದರ ಮೇಲೆ ಸಹಜವಾಗಿಯೇ ಮರುಕ ಹುಟ್ಟಿತು.

ಮರುಕಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ನೆರೆಮನೆಯ ದರ್ಜಿಯು ಹನ್ನೆರಡನೆಯ ಇಯತ್ತೆಯಲ್ಲಿ ಓದುವ ಮಗಳಿಗಾಗಿ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದನ್ನು ಪುಣೆಯಿಂದ 12,000 ರೂಪಾಯಿ ಕೊಟ್ಟು ತಂದಿದ್ದ. ಅದಕ್ಕೂ ಇದೇ ಗತಿ. ಒಂದು ಅಂಗಡಿಯಲ್ಲಿ ತೋರಿಸಿದರೆ "ಇದು ಭಂಗಾರ, ಹೊಸದು ತಗೊಳ್ಳಿ" ಎಂದರಂತೆ. ಭಂಗಾರವೆಂದರೆ ಮರಾಠಿಯಲ್ಲಿ ಗುಜರಿ, ನಮ್ಮ ಬಂಗಾರವಲ್ಲ. ಹೊಸದಕ್ಕೆ ಮೂವತ್ತೈದು-ನಾಲ್ವತ್ತು ಸಾವಿರ. ದರ್ಜಿಯ ಕೈಯಲ್ಲಿ ಅಷ್ಟು ದುಡ್ಡು ಕೂಡುವಷ್ಟರಲ್ಲಿ ಹುಡುಗಿಯ ಪರೀಕ್ಷೆ ಮುಗಿದು ಹೋಗಿರುತ್ತದೆ.

ಬೆಂಗಳೂರಿನಲ್ಲಿರುವ ನಮ್ಮ ತಂಗಿಯ ಮಗನು ಫೋನಿನಲ್ಲಿ, "ಮಾವ, ಲಿನಕ್ಸ್ ಹಾಕಿಸಿ, ಎರಡೂ ಬದುಕುತ್ತವೆ" ಎಂದ. ಹಾಕಿಸುವುದು ಎಲ್ಲಿ? ಅವನು ಬೆಂಗಳೂರಿನಲ್ಲಿ, ನಾವು ಭೋರಿನಲ್ಲಿ. ಹೀಗಾಗಿ ಎಸ್.ಟಿ. ಸ್ಟ್ಯಾಂಡಿನ ಹಾದಿಯಲ್ಲಿರುವ, ನಮಗೆ ಪರಿಚಯದ ಒಬ್ಬ ತರುಣನ ಅಂಗಡಿಗೆ ಹೋದೆವು.

ಇಲ್ಲಿ ಆ ಲಿನಕ್ಸಿನ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವುದು ಯುಕ್ತ. ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬ ಹಟವಾದಿಯು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದ. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ, ಬಿಚ್ಚಿ ನೋಡಲಿ, ತಿದ್ದಲಿ, ಹಂಚಲಿ ಎಂಬುದು ಅವನ ಮತ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ವ್ಯವಸ್ಥೆಯ ತಿರುಳನ್ನು ಬರೆದು ಎಲ್ಲರ ಮುಂದಿಟ್ಟ. ಎರಡೂ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಅದರ ಮೇಲೆ ಡೆಬಿಯನ್, ಉಬುಂಟು, ಮಿಂಟ್ ಎಂದು ನೂರಾರು ಮನೆತನಗಳು. 1993ರ ಡೆಬಿಯನ್ನಿಗೆ ಅದನ್ನು ಕಟ್ಟಿದ ಇಯಾನ್ ಮರ್ಡಕ್ ತನ್ನ ಪ್ರೇಯಸಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಹೊಸೆದು ನಾಮಕರಣ ಮಾಡಿದ. ಕಂಪ್ಯೂಟರಿನವರಲ್ಲಿಯೂ ರಸಿಕರಿರುತ್ತಾರೆ! ನಮ್ಮ ಸರಕಾರದ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರವು 2007ರಲ್ಲಿ ಹೊರತಂದ 'ಬಾಸ್' ಎಂಬ ಭಾರತೀಯ ವ್ಯವಸ್ಥೆಯೂ ಈ ಡೆಬಿಯನ್ನಿನ ಮೇಲೆಯೇ ನಿಂತದ್ದು. ಆ ಸಿ-ಡ್ಯಾಕ್‌ನ ಮುಖ್ಯ ಕಚೇರಿ ಪುಣೆಯಲ್ಲಿದೆ, ನಮ್ಮ ಊರಿನಿಂದ ಒಂದು ಬಸ್ಸಿನ ದಾರಿ. ಅಲ್ಲಿಂದ ಇಲ್ಲಿಗೆ ಆ ಬಸ್ಸಿನಲ್ಲಿ ಯಾರೂ ಇದನ್ನು ತಂದಂತೆ ಮಾತ್ರ ಕಾಣಲಿಲ್ಲ.

ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಮಾತಿಗೆ ಸ್ವತಂತ್ರವೆಂದೂ ಪುಕ್ಕಟೆಯೆಂದೂ ಎರಡರ್ಥವಿರುವುದರಿಂದ ಸ್ಟಾಲ್‌ಮನ್ ಮಹಾಶಯನಿಗೆ ಜೀವಮಾನವಿಡೀ ಅದನ್ನು ಬಿಡಿಸಿ ಹೇಳುವುದೇ ಕೆಲಸವಾಗಿದೆ. ಕನ್ನಡದಲ್ಲಿ ಆ ತೊಂದರೆಯಿಲ್ಲ. ನಮ್ಮಲ್ಲಿ ಮುಕ್ತ ಬೇರೆ, ಬಿಟ್ಟಿ ಬೇರೆ. ಆದರೂ "ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ" ಎಂಬ ಗಾದೆ ನಮ್ಮದೇ. ಮರಾಠಿಗರೂ ಹಿಂದೆ ಬಿದ್ದಿಲ್ಲ. "ಫುಕಟ ತೇ ಪೌಷ್ಟಿಕ" ಎನ್ನುತ್ತಾರೆ. ಪುಕ್ಕಟೆಯದೇ ಪುಷ್ಟಿಕರ! ಹೀಗಿರುವಾಗ ಬಿಟ್ಟಿಯ ಸರಕನ್ನು ಹಂಚುವುದಕ್ಕೆ ಇಷ್ಟು ಕಷ್ಟವೇಕೆ ಎಂಬುದೇ ನಮ್ಮ ಪ್ರಶ್ನೆಯಾಗಿತ್ತು. ಉತ್ತರವನ್ನು ಅಂಗಡಿಯ ತರುಣನೇ ಕೊಟ್ಟ.

"ಕಾಕಾ," ಎಂದ, ಬಿಚ್ಚಿದ ಯಂತ್ರದಿಂದ ಕಣ್ಣೆತ್ತದೆ, "ನಿಮ್ಮ ಲಿನಕ್ಸ್ ಫುಕಟ ಅಂತೀರಿ. ನಮ್ಮ ಗಿರಾಕಿಗೆ ವಿಂಡೋಸಿಗೂ ಯಾರು ದುಡ್ಡು ಕೊಡ್ತಾರೆ? ಪೆನ್‌ಡ್ರೈವಿನಲ್ಲಿ ಇರೋದನ್ನ ಹಾಕ್ತಾರೆ, ಮಜೂರಿ 500 ರೂಪಾಯಿ. ಅದೂ ಫುಕಟ, ಇದೂ ಫುಕಟ. ಫರಕೇನು?"

ಮಾತು ಖಂಡಿತವಾಗಿಯೂ ಸರಿ. ಮುಕ್ತ ತಂತ್ರಾಂಶದ ಪ್ರಚಾರಕರೆಲ್ಲ ಬೆಲೆಯಿಲ್ಲ, ಬೆಲೆಯಿಲ್ಲ ಎಂದು ಡಂಗುರ ಸಾರುತ್ತಾರೆ. ಕದ್ದ ಮಾಲು ಬೀದಿಯಲ್ಲಿ ಸಿಗುವ ಊರಿನಲ್ಲಿ ಆ ಡಂಗುರಕ್ಕೆ ಯಾರು ಕಿವಿಗೊಡಬೇಕು? ನಾವು ಮುಂದುವರಿದು, ಕದ್ದ ಪ್ರತಿಯ ಜೊತೆಗೆ ಬೀಗ ಮುರಿಯುವ ಸಣ್ಣ ಪ್ರೋಗ್ರಾಮೊಂದನ್ನು ಹಾಕುತ್ತಾರಷ್ಟೆ, ವೈರಸ್ಸು ಒಳನುಗ್ಗುವುದು ಆ ಕಿಂಡಿಯಿಂದಲೇ; ಲಿನಕ್ಸಿನಲ್ಲಿ ಈ ಕಾಟ ಬಹಳ ಕಡಿಮೆ, ಒಮ್ಮೆ ಹಾಕಿದರೆ ಗಿರಾಕಿ ಪದೇಪದೇ ಬರಬೇಕಾಗಿಲ್ಲ ಎಂದೆವು.

ಈಗ ಅವನು ಕಣ್ಣೆತ್ತಿ ನಕ್ಕ. "ಕಾಕಾ, ನನ್ನ ಅಂಗಡಿಯ ಬಾಡಿಗೆ ಕೊಡೋದೇ ಆ ವೈರಸ್ಸು. ಒಬ್ಬೊಬ್ಬ ಗಿರಾಕಿ ವರ್ಷಕ್ಕೆ ಮೂರು ಸಲ ಬರ್ತಾನೆ. ಒಮ್ಮೆ ಹಾಕಿದ್ದು ಕೆಡೋದೇ ಇಲ್ಲ ಅಂದ್ರೆ ನಾನು ಏನು ತಿನ್ನಲಿ?"

ಕೊಡೆ ರಿಪೇರಿಯವನ ಮುಂದೆ ನಿಂತು ಮಳೆ ನಿಲ್ಲಿಸುವ ಮಂತ್ರವನ್ನು ಉಪದೇಶಿಸಿದಂತಾಯಿತು. ಅವನ ಮೇಲೆ ಸಿಟ್ಟಾಗಲು ಕಾರಣವಿರಲಿಲ್ಲ. ಹೆಂಡತಿ, ಎರಡು ವರ್ಷದ ಕೂಸು, ತಿಂಗಳ ಬಾಡಿಗೆ, ಸಾಲದ್ದಕ್ಕೆ ಅರ್ಧ ಗಿರಾಕಿಗಳನ್ನು ಮೊಬೈಲು ಕಸಿದುಕೊಂಡಿದೆ. ಮುಕ್ತ ತಂತ್ರಾಂಶದ ಸಭೆಗಳಲ್ಲಿ ಸ್ವಾತಂತ್ರ್ಯದ ಮಾತು ಬೇಕಾದಷ್ಟು ಬರುತ್ತದೆ, ಅಂಗಡಿಯ ಬಾಡಿಗೆಯ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲವೆಂಬುದು ನಮ್ಮ ಆಕ್ಷೇಪಣೆ.

ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಪ್ರೇರಣೆಯಿಂದ 'ಪಿಸಿ ಕ್ವೆಸ್ಟ್' ಪತ್ರಿಕೆಯು 1996ರಲ್ಲಿಯೇ ಸಂಚಿಕೆಯ ಜೊತೆಗೆ ಲಿನಕ್ಸಿನ ಸಿ.ಡಿ.ಯನ್ನು ಹಂಚಿತು. ಇಂಟರ್ನೆಟ್ಟೆಂಬುದು ದೂರವಾಣಿಯ ತಂತಿಯಲ್ಲಿ ಕುಂಟುತ್ತಿದ್ದ ಆ ದಿನಗಳಲ್ಲಿ ನಮ್ಮ ದೇಶದ ಎಷ್ಟೋ ತರುಣರು ಲಿನಕ್ಸನ್ನು ಮೊದಲು ಕಂಡದ್ದು ಆ ತಟ್ಟೆಯಲ್ಲಿ. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅವರು ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಸಮ್ಮೇಳನವನ್ನು ಆ ಕ್ಷೇತ್ರದವರು ಈಗಲೂ ನೆನೆಯುತ್ತಾರೆ. ಮುಂದೆ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯ ಖರ್ಚನ್ನೂ ತಾವೇ ಹಾಕಿಕೊಂಡು ಮನೆಬಾಗಿಲಿಗೆ ಸಿ.ಡಿ. ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು. 2012ರಲ್ಲಿ ಡೆಲ್ ಕಂಪನಿಯು ಭಾರತದ ನೂರಾರು ಅಂಗಡಿಗಳಲ್ಲಿ ಉಬುಂಟು ಹಾಕಿದ ಲ್ಯಾಪ್‌ಟಾಪುಗಳನ್ನು ಮಾರುವುದಾಗಿ ಸಾರಿತು. ಲಿನಕ್ಸೋ ಬರಿಯ ಡಾಸೋ ಇರುವ ಯಂತ್ರ ಅಗ್ಗವೆಂದು ಜನ ಕೊಳ್ಳುವುದುಂಟು. ಕೊಂಡ ಮೇಲೆ ನೇರವಾಗಿ ಇಂಥ ಅಂಗಡಿಗೆ ಬಂದು ಅದನ್ನು ಅಳಿಸಿ, ಕದ್ದ ವಿಂಡೋಸನ್ನು ಹಾಕಿಸಿಕೊಂಡು ಹೋಗುವುದೂ ಉಂಟು. ಸಿ.ಡಿ. ಮನೆಗೆ ಬಂದರೂ ಯಂತ್ರ ಮನೆಗೆ ಬಂದರೂ ಕೊನೆಯ ಮಾತು ಕಟ್ಟೆಯ ಮೇಲೆ ಕುಳಿತವನದೇ.

ಕೇರಳದವರು ಬೇರೆ ದಾರಿ ಹಿಡಿದರು. ಅವರು ಶಾಲೆಯಿಂದ ಹೊರಟರು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮಕ್ರಮವಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿ, 2008ರ ಎಸ್.ಎಸ್.ಎಲ್.ಸಿ.ಯ ಕಂಪ್ಯೂಟರು ಪರೀಕ್ಷೆ ಪೂರ್ತಿಯಾಗಿ ಅದರ ಮೇಲೆಯೇ ನಡೆಯಿತು. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕನ್ನಡದ ಮಕ್ಕಳಿಗೆ ಕಂಪ್ಯೂಟರಿನ ಸ್ವಾತಂತ್ರ್ಯ ಕರ್ನಾಟಕದ ಹೊರಗೆ ಮೊದಲು ದೊರೆಯಿತೆಂದರೆ ಸೋಜಿಗವಲ್ಲವೆ? ಮಹಾರಾಷ್ಟ್ರದಲ್ಲಿ ಇದರ ವಿರುದ್ಧ. ಇಲ್ಲಿ ಸರಕಾರಿ ನೌಕರಿ ಬಯಸುವ ಹುಡುಗ ಹುಡುಗಿಯರೆಲ್ಲ ಕಟ್ಟುವ ಎಂ.ಎಸ್.-ಸಿ.ಐ.ಟಿ. ಪರೀಕ್ಷೆಯ ಪಾಠವು ವಿಂಡೋಸ್ ಮತ್ತು ಅದರದೇ ಆಫೀಸಿನ ಸುತ್ತ ಹೆಣೆದದ್ದು. ಅದನ್ನು ಕಲಿತು ಬಂದ ಹುಡುಗನಿಗೆ ಬೇರೆ ಪರದೆ ತೋರಿಸಿದರೆ ಅಪರಿಚಿತ ಊರಿನ ಸ್ಟ್ಯಾಂಡಿನಲ್ಲಿ ಇಳಿಸಿದಂತೆ ತಬ್ಬಿಬ್ಬಾಗುತ್ತಾನೆ. ಅಂಗಡಿಯವನು ಇದನ್ನೂ ನೆನಪಿಗೆ ತಂದ.

ಇಷ್ಟಾದರೂ ನಾವು ಎದ್ದು ಬರಲಿಲ್ಲ. ನಿವೃತ್ತನಿಗೆ ವೇಳೆಯ ಕೊರತೆಯಿಲ್ಲ, ಕಟ್ಟೆಯ ಮೇಲೆ ಚಹಾಕ್ಕೂ ಕೊರತೆಯಿಲ್ಲ. ಮೂರು ದಿನ ಕುಳಿತು ನೋಡಿದೆವು. ಬ್ಯಾಂಕಿನವರ ಕಣ್ಣು, ಜಮೆ-ಖರ್ಚಿನ ಕಡೆಗೆ ತಾನಾಗಿ ಹರಿಯುತ್ತದೆ. ಆಗ ಕಂಡದ್ದೇನೆಂದರೆ, ವಿಂಡೋಸ್ 10ರ ಗೋಳನ್ನು ಹೊತ್ತು ಬಂದವರಿಗೆಲ್ಲ ಇವನು "ಹೊಸದು ತಗೊಳ್ಳಿ" ಎನ್ನುತ್ತಾನೆ. ಅವರು ಹೋಗಿ ಪುಣೆಯಲ್ಲಿಯೋ, ಮೊಬೈಲಿನಲ್ಲಿಯೇ ಗುಂಡಿ ಒತ್ತಿಯೋ ಹೊಸದನ್ನು ಕೊಳ್ಳುತ್ತಾರೆ. ಇವನಿಗೆ ಬಂದದ್ದೇನು? ಸೊನ್ನೆ. ಹೊಸ ಯಂತ್ರ ಎರಡು ಮೂರು ವರ್ಷ ಈ ಕಡೆ ತಲೆ ಹಾಕುವುದೂ ಇಲ್ಲ. ಇವನ ಹೊಟ್ಟೆಯ ಮೇಲೆ ಹೊಡೆಯುವವನು ಲಿನಕ್ಸಲ್ಲ, ಹೊಸ ಲ್ಯಾಪ್‌ಟಾಪು.

ಇದನ್ನು ಒಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಹಳೆಯ ಯಂತ್ರದ ನಿಧಾನಕ್ಕೆ ಮುಖ್ಯ ಕಾರಣ ತಿರುಗುವ ತಟ್ಟೆಯ ಡಿಸ್ಕು. ಅದನ್ನು ತೆಗೆದು ಎಸ್.ಎಸ್.ಡಿ. ಎಂಬ ಚಿಪ್ಪಿನ ಡಿಸ್ಕನ್ನು ಕೂರಿಸಿದರೆ ಮುದುಕ ಎದ್ದು ಓಡುತ್ತಾನೆ. ಡಿಸ್ಕಿನ ಮೇಲೆ ಅಂಗಡಿಗೆ ಒಂದಿಷ್ಟು ಲಾಭ, ಬೇಕಾದರೆ ಒಂದು ಪಟ್ಟಿ ರ್‍ಯಾಮಿನ ಮೇಲೆ ಇನ್ನೊಂದಿಷ್ಟು, ಲಿನಕ್ಸ್ ಹಾಕಿ, ಮುದ್ರಕ ಜೋಡಿಸಿ, ಅರ್ಧ ಗಂಟೆ ಗಿರಾಕಿಗೆ ಹೇಳಿಕೊಟ್ಟದ್ದಕ್ಕೆ ಮಜೂರಿ 700. ಒಟ್ಟಿನಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿದ್ದಕ್ಕಿಂತ ಹೆಚ್ಚೇ ಆಯಿತು. ಗಿರಾಕಿಗೆ ಮೂವತ್ತೈದು ಸಾವಿರ ಉಳಿಯಿತು. "ಆದರೆ ಫುಕಟದ ಮಾಲಿಗೆ ದುಡ್ಡು ತಗೊಂಡರೆ ಗುನ್ಹೆ ಅಲ್ಲವಾ?" ಎಂದು ಅವನ ಅನುಮಾನ. ಕದ್ದ ಮಾಲು ಹಾಕುವಾಗ ಬಾರದ ಅನುಮಾನ ಇಲ್ಲಿ ಬಂದದ್ದು ಮನುಷ್ಯ ಸ್ವಭಾವದ ಚಮತ್ಕಾರ! ಈ ಪರವಾನಗಿಯು ಹಣ ಪಡೆಯುವುದನ್ನು ಬೇಡವೆನ್ನುವುದಿಲ್ಲ. 1985ರಲ್ಲಿ ಸ್ಟಾಲ್‌ಮನ್ ಮಹಾಶಯನೇ ತನ್ನ ಈಮ್ಯಾಕ್ಸ್ ಎಂಬ ತಂತ್ರಾಂಶವನ್ನು ಟೇಪಿನ ಮೇಲೆ ತುಂಬಿ ಒಂದಕ್ಕೆ 150 ಡಾಲರಿನಂತೆ ಮಾರಿ ಹೊಟ್ಟೆ ಹೊರೆದುಕೊಂಡ. ಈ ಕಥೆ ಕೇಳಿದ ಮೇಲೆ ತರುಣನ ಮುಖ ಗೆಲುವಾಯಿತು. ಸ್ವಾತಂತ್ರ್ಯದ ವ್ಯಾಖ್ಯಾನದಿಂದ ಆಗದ ಕೆಲಸ ಆ 150 ಡಾಲರಿನಿಂದ ಆಯಿತು.

ಮೊದಲು ನಮ್ಮ ಯಂತ್ರ. ಲಿನಕ್ಸಿನ ಒಂದು ಸೌಕರ್ಯವೆಂದರೆ, ಡಿಸ್ಕನ್ನು ಮುಟ್ಟದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು; ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದಂತೆ. ವೆಂಟಾಯ್ ಎಂಬ ಸಲಕರಣೆಯಿಂದ ಒಂದೇ ಪೆನ್‌ಡ್ರೈವಿನಲ್ಲಿ ನಾಲ್ಕಾರು ವ್ಯವಸ್ಥೆಗಳನ್ನು ತುಂಬಿಡಬಹುದು. ನಾವು ಆರಿಸಿದ್ದು ಲಿನಕ್ಸ್ ಮಿಂಟ್. ಅದರ ಗುಂಡಿಗಳೆಲ್ಲ ವಿಂಡೋಸಿನಂತೆಯೇ ಕೆಳಗಡೆ ಎಡಕ್ಕಿವೆ, ಕಣ್ಣಿಗೆ ಗಲಿಬಿಲಿಯಿಲ್ಲ. ಮಿಂಟೆಂದರೆ ಪುದೀನವೆಂದು ಕೇಳಿ ನಮ್ಮ ಮನೆಯವಳು, "ಚಟ್ನಿ ಮಾಡೂದು ಬಿಟ್ಟು ಕಂಪ್ಯೂಟರಿಗೆ ಹಾಕ್ತಾರಂತ!" ಎಂದು ನಕ್ಕಳು. ವೈ-ಫೈ ಹತ್ತಿತು, ಕ್ಯಾಮೆರಾ ಹತ್ತಿತು, ಮಗಳು ಅಮೆರಿಕೆಯಿಂದ ಮಾತಾಡಿದಳು.

ತೊಂದರೆ ಕೊಟ್ಟದ್ದು ಅಂಗಡಿಯ ಮುದ್ರಕ. ಎಚ್‌ಪಿಯವರು ತಮ್ಮ ಬಹಳಷ್ಟು ಮುದ್ರಕಗಳಿಗೆ ಲಿನಕ್ಸಿನ ತಂತ್ರಾಂಶವನ್ನು ತಾವೇ ಒದಗಿಸಿದ್ದಾರೆ. ಅಂಗಡಿಯಲ್ಲಿದ್ದುದು ಬೇರೆ ಕಂಪನಿಯದು. ಅದು ತನ್ನ ಒಳಗುಟ್ಟನ್ನು ಬಿಟ್ಟುಕೊಡದ ಜಾತಿಯದು. ತರುಣನು ಒಂದು ಸಂಜೆಯೆಲ್ಲ ಗುದ್ದಾಡಿ, ಕೊನೆಗೂ ಅದರಿಂದ ಒಂದು ಪುಟ ಹೊರಗೆಳೆದ. ಎರಡನೆಯ ಪುಟಕ್ಕೆ ಅದು ಮತ್ತೆ ಮೌನವ್ರತ ಹಿಡಿಯಿತು. ಅದನ್ನು ವಿಂಡೋಸಿನ ಯಂತ್ರಕ್ಕೇ ಬಿಟ್ಟ.

ಸಂತೋಷದ ಸಂಗತಿ ನಡೆದದ್ದು ಕೀಲಿಮಣೆ ಜೋಡಿಸುವಾಗ. ಕನ್ನಡಕ್ಕೆ ಬೇಕಾದ ವಿನ್ಯಾಸಗಳ ಪಟ್ಟಿ ತೆರೆದರೆ ಅದರಲ್ಲಿ ನಮಗೆ ರೂಢಿಯಾದ 'ಕಗಪ' ಇತ್ತು. ಕಗಪವೆಂದರೆ ಕನ್ನಡ ಗಣಕ ಪರಿಷತ್ತು. ಕೆ. ಪಿ. ರಾವ್ ಅವರು ರೂಪಿಸಿದ, 'ನುಡಿ'ಯಲ್ಲಿ ನಾವೆಲ್ಲ ಬಳಸುವ, 'ಎಫ್' ಒತ್ತಿ ಒತ್ತಕ್ಷರ ಮೂಡಿಸುವ ಅದೇ ವಿನ್ಯಾಸ. ತರುಣನು ತನ್ನ ಮರಾಠಿಗೆ ಏನಿದೆಯೆಂದು ಕೆಳಗೆ ಜಾರಿಸುತ್ತ ಹೋದ. ಅಲ್ಲಿಯೂ ಬಂತು: ಮರಾಠಿ, ಕಗಪ. ಹಿಂದಿಗೂ ಕಗಪ, ಸಂಸ್ಕೃತಕ್ಕೂ ಕಗಪ! ಕನ್ನಡಿಗರು ಮಾಡಿಕೊಂಡ ಕೀಲಿಮಣೆಯನ್ನು ಯಾರೋ ಪುಣ್ಯಾತ್ಮರು ದೇವನಾಗರಿಗೂ ಒಗ್ಗಿಸಿ ಜಗತ್ತಿನ ಲಿನಕ್ಸುಗಳಲ್ಲೆಲ್ಲ ಸೇರಿಸಿಬಿಟ್ಟಿದ್ದಾರೆ. "ಹೇ ಕಗಪ ಕಾಯ್ ಆಹೇ, ಕಾಕಾ?" ಎಂದು ಅವನು ಕೇಳಿದಾಗ, ಪರಸ್ಥಳದಲ್ಲಿ ನಮ್ಮೂರಿನ ಬಸ್ಸಿನ ಬೋರ್ಡು ಕಂಡಷ್ಟು ಹಿಗ್ಗಾಯಿತು. ಅರ್ಧ ಗಂಟೆಯಲ್ಲಿ ಅವನು ಅದರಲ್ಲಿ ತನ್ನ ಮಗಳ ಹೆಸರನ್ನು ಹೊಡೆದ. ಕನ್ನಡ ಅಕ್ಷರಗಳು ಮೂಡುವ ಅಚ್ಚಿಗೆ 'ಲೋಹಿತ' ಎಂದು ಹೆಸರು. ಅದನ್ನು ಪೋಷಿಸಿದ ರೆಡ್‌ಹ್ಯಾಟ್ ಕಂಪನಿಯ ಭಾಷಾಕಾರ್ಯವು ಬಹಳ ವರ್ಷ ನಡೆದದ್ದು ನಮ್ಮ ಪುಣೆಯಲ್ಲಿಯೇ ಎಂದು ಹೇಳಿದಾಗ ಅವನಿಗೂ ಹಿಗ್ಗು. ಹೀಗೆ ಇಬ್ಬರಿಗೂ ಲೆಕ್ಕ ಸರಿಹೋಯಿತು.

ಈಗ ಮೋಡಿಯ ವಿಚಾರ. ನಮ್ಮ ತಾಯಿಯವರು ಹಾಡುತ್ತಿದ್ದ ಸೋಬಾನೆ, ಬೀಸುವ ಹಾಡುಗಳನ್ನು ನಮ್ಮ ಮನೆಯವಳು 2004ರಲ್ಲಿ ಕಂಪ್ಯೂಟರಿನಲ್ಲಿ ಇಳಿಸಿಟ್ಟಿದ್ದಳು. ನೂರ ನಾಲ್ವತ್ತು ಹಾಡುಗಳು. ತಾಯಿಯವರು ಈಗ ಇಲ್ಲ. ಹೊಸ ವ್ಯವಸ್ಥೆಯಲ್ಲಿ ಕಡತ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ. ಆಕೆಯ ಮುಖ ಸಣ್ಣದಾಯಿತು. "ಅತ್ತೀ ಹಾಡೆಲ್ಲ ಹೋದೂ ಏನ್ರೀ?" ಎಂದಳು.

ಹೋಗಿರಲಿಲ್ಲ. ಆ ಕಾಲದ ಕನ್ನಡ ತಂತ್ರಾಂಶಗಳು ಕನ್ನಡವನ್ನು ಕನ್ನಡವಾಗಿ ಬರೆದಿಡುತ್ತಿರಲಿಲ್ಲ. ಇಂಗ್ಲಿಷಿನ ಅಂಕೆಗಳನ್ನೇ ಬರೆದಿಟ್ಟು, ಮೇಲೆ ಕನ್ನಡದ ಅಚ್ಚಿನ ಮುಖವಾಡ ತೊಡಿಸುತ್ತಿದ್ದವು. ಆ ಅಚ್ಚು ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ. ಯುನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಅದರದೇ ಅಂಕೆಯುಂಟು, ಯಾವ ಯಂತ್ರದಲ್ಲಿಯೂ ಕನ್ನಡ ಕನ್ನಡವೇ. ಹಳೆಯದನ್ನು ಹೊಸದಕ್ಕೆ ಒಯ್ಯುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಮುಕ್ತವಾಗಿಯೇ ಬರೆದಿಟ್ಟಿದ್ದಾರೆ. ಒಂದು ರಾತ್ರಿಯಲ್ಲಿ ಹಾಡುಗಳೆಲ್ಲ ಹೊರಳಿದವು. ಅರ್ಕಾವತ್ತು ಮಾತ್ರ ಹಲವೆಡೆ ಪಕ್ಕದ ಅಕ್ಷರದ ಮೇಲೆ ಹೋಗಿ ಕುಳಿತಿತ್ತು. ಆಕೆ ಹದಿನೈದು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು, ಹಾಡನ್ನು ಗುನುಗುತ್ತ ಗುನುಗುತ್ತ ಅವನ್ನು ಸ್ವಸ್ಥಾನಕ್ಕೆ ತಂದಳು. ಪರವೂರಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಹೀಗೆ ಮುಖವಾಡದ ಕನ್ನಡದಲ್ಲಿ ಬರೆದಿಟ್ಟ ವಂಶಾವಳಿ, ಅಡುಗೆಯ ಪುಸ್ತಕ, ಅಜ್ಜನ ಆತ್ಮಕಥೆ ಎಷ್ಟಿವೆಯೋ. ಆ ಯಂತ್ರಗಳು ನಡೆಯುತ್ತಿರುವಾಗಲೇ ಅವನ್ನು ಹೊರಳಿಸಿಕೊಳ್ಳದಿದ್ದರೆ ನಮ್ಮ ಮೊಮ್ಮಕ್ಕಳು ಅವುಗಳಿಗೂ ಮೋಡಿ ಬಲ್ಲವರನ್ನು ಹುಡುಕಬೇಕಾದೀತು.

ದರ್ಜಿಯ ಮಗಳ ಯಂತ್ರ ಎರಡನೆಯದು. ಚಿಪ್ಪಿನ ಡಿಸ್ಕು, ಮಿಂಟ್, ಮಜೂರಿ ಸೇರಿ ಮೂರು ಸಾವಿರದ ಒಳಗೇ ಮುಗಿಯಿತು. ಪಾಠದ ವೀಡಿಯೋಗಳು ಓಡುತ್ತವೆ, ಟಿಪ್ಪಣಿಗೆ ಲಿಬ್ರೆ ಆಫೀಸ್ ಇದೆ. ಎಂ.ಎಸ್.-ಸಿ.ಐ.ಟಿ.ಗೆ ಮಾತ್ರ ಕ್ಲಾಸಿನ ಯಂತ್ರದ ಮೇಲೆಯೇ ಅಭ್ಯಾಸ ಮಾಡುತ್ತಾಳೆ. ಎರಡು ಊರಿನ ನೀರು ಕುಡಿದವರಂತೆ ಎರಡಕ್ಕೂ ಹೊಂದಿಕೊಂಡಿದ್ದಾಳೆ. ದರ್ಜಿಯು ಉಪಕಾರಕ್ಕೆಂದು ನಮ್ಮ ಎರಡು ಪಾಯಜಾಮಗಳನ್ನು ಹೊಲಿದು ತಂದ. ಬೇಡವೆಂದರೂ ಕೇಳಲಿಲ್ಲ.

ಎಲ್ಲರಿಗೂ ಇದು ಒಗ್ಗುವುದೆಂದು ನಾವು ಹೇಳೆವು. ಓಣಿಯ ತುದಿಯಲ್ಲಿ ಮದುವೆಯ ಪತ್ರಿಕೆ, ಫ್ಲೆಕ್ಸು ಮಾಡುವವನ ಹೊಟ್ಟೆಪಾಡೆಲ್ಲ ಕೋರಲ್‌ಡ್ರಾ ಮತ್ತು ಶ್ರೀಲಿಪಿಯ ಅಚ್ಚುಗಳ ಮೇಲೆ. ಅವು ವಿಂಡೋಸಿನವು. ಕಿರಾಣಿಯ ಸಗಟು ವ್ಯಾಪಾರಿಗೆ ಬೆಂಗಳೂರಿನ ಕಂಪನಿಯ ಟ್ಯಾಲಿ ಬೇಕು. ಅದೂ ವಿಂಡೋಸಿನದೇ. ಅಂಥವರಿಗೆ ಲಿನಕ್ಸಿನ ಮಾತು ಆಡುವುದು ಉಪವಾಸದವನಿಗೆ ಹಾಡು ಹೇಳಿದಂತೆ. ಅವರು ದುಡ್ಡು ಕೊಟ್ಟು ವಿಂಡೋಸ್ ಕೊಳ್ಳಲಿ, ನ್ಯಾಯವಾಗಿ ಬಳಸಲಿ. ಉಳಿದವರ ಕೆಲಸವಾದರೋ ಬ್ರೌಸರು, ಕಾಗದ, ಫೋಟೋ, ಮಗಳ ಫೋನು, ಇಷ್ಟೇ.

ಅಂಗಡಿಯ ಬಾಗಿಲಿಗೆ ಈಗೊಂದು ಹೊಸ ಫಲಕ ಬಂದಿದೆ: "ಲಿನಕ್ಸ್ ಟಾಕೂನ್ ಮಿಳೇಲ". ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹಳೆಯ ಲ್ಯಾಪ್‌ಟಾಪು ಎಸೆಯುವ ಮೊದಲು ವಿಚಾರಿಸಿ ಎಂದಿದೆ. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ಯಂತ್ರಗಳು ಎದ್ದು ಹೋಗಿವೆ. ಎರಡು ಮರಳಿ ಬಂದು ವಿಂಡೋಸನ್ನೇ ಹಾಕಿಸಿಕೊಂಡವು. ಒಂದಕ್ಕೆ ಹುಡುಗರ ಆಟ ನಡೆಯಲಿಲ್ಲ, ಇನ್ನೊಂದರ ಒಡೆಯನಿಗೆ ಕಾರಣ ಹೇಳಲು ಮನಸ್ಸಾಗಲಿಲ್ಲ. ಪಕ್ಕದ ಅಂಗಡಿಯವನು ಮೊದಲು ನಕ್ಕವನು, ಹೋದ ವಾರ ಪೆನ್‌ಡ್ರೈವು ಕೊಟ್ಟು ತನಗೂ ತುಂಬಿಕೊಡೆಂದು ಕೇಳಿದನಂತೆ. "ಕೊಟ್ಟೆಯಾ?" ಎಂದೆವು. "ಕೊಡದೆ ಏನು ಮಾಡ್ಲಿ ಕಾಕಾ, ಹಂಚಬೇಕು ಅಂತ ನೀವೇ ಹೇಳಿದ್ದು. ಮಜೂರಿ 700ಕ್ಕಿಂತ ಕಡಿಮೆ ತಗೋಬೇಡ ಅಂತ ಮಾತ್ರ ಹೇಳಿದೆ" ಎಂದ.

ಮುಂದಿನ ಸಲ ಸಂಘದ ಕುಟುಂಬಗಳೆಲ್ಲ ಪುಣೆಯಲ್ಲಿ ಕೂಡಿದಾಗ ಅವನನ್ನು ಕರೆದುಕೊಂಡು ಬರುವ ಯೋಚನೆಯಿದೆ, ಅವನೂ ಒಪ್ಪಿದ್ದಾನೆ. ಕಪಾಟಿನ ಮೇಲೆ ಧೂಳು ತಿನ್ನುತ್ತಿರುವ ಲ್ಯಾಪ್‌ಟಾಪುಗಳಿದ್ದವರು ತರಬಹುದು. 64 ಬಿಟ್ಟಿನ ಚಿಪ್ಪಿದ್ದು, ರ್‍ಯಾಮು 4 ಜಿ.ಬಿ. ಇದ್ದರೆ ಕೆಲಸವಾದೀತು. ಒಳಗಿರುವ ಫೋಟೋ, ಕಾಗದಗಳ ನಕಲನ್ನು ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಂಡಿರಬೇಕು. ಚಾರ್ಜರನ್ನು ಮನೆಯಲ್ಲಿ ಮರೆತು ಬರಬಾರದು.